ಫೂಟರಿನಲ್ಲಿ ಮರಗದವಲ್ಲಿಯ ನಂಬರು

"ಫೂಟರಿಂದ ಆ ನಂಬರ್ ತೆಗಿ," ಎಂದರು ದಂಡಪಾಣಿ. "ಅದಿರೋದಕ್ಕೇ ಜನ ಫೋನ್ ಮಾಡೋದು. ಜನ ಫೋನ್ ಮಾಡೋದಕ್ಕೇ ಇವಳಿಗೆ ಇಲ್ಲೊಂದು ಕುರ್ಚಿ."

ಇವಳೆಂದರೆ ಮರಗದವಲ್ಲಿ. ಕೈಗೆಟುಕುವಷ್ಟು ದೂರದಲ್ಲೇ ಕುಳಿತಿದ್ದಳು. ಕೊಯಮತ್ತೂರಿನ ನಮ್ಮ ಗ್ರೈಂಡರ್ ಕಂಪನಿಗೆ ಬರುವ ಕರೆಗಳನ್ನೆಲ್ಲ ತೆಗೆದುಕೊಳ್ಳುತ್ತಿದ್ದವಳು ಅವಳೇ. ಕಾಲೇಜಿನಿಂದ ನಿವೃತ್ತಳಾದ ಮೇಲೆ ನಾನು ಅಲ್ಲಿ ಇಂಟರ್‌ನೆಟ್ಟಿನ ಸಹಾಯ ಪುಟಗಳನ್ನು ಬರೆಯುತ್ತಿದ್ದೆ: ಕಲ್ಲು ತಿರುಗದಿದ್ದರೆ ಏನು ಮಾಡಬೇಕು, ಬೆಲ್ಟ್ ಸಡಿಲವಾದರೆ ಏನು ಮಾಡಬೇಕು. ನಾನು ಬರೆದದ್ದು ತಲೆಗೆ ಹೋಗದವರು ಪುಟದ ಬುಡಕ್ಕಿಳಿದು, ಫೂಟರಿನಲ್ಲಿದ್ದ ಅವಳ ನಂಬರಿಗೆ ಫೋನ್ ಮಾಡುತ್ತಿದ್ದರು. ಅಂಥವರೇ ಹೆಚ್ಚು.

"ನಂಬರ್ ಹೋದ್ರೆ ನಾನೂ ಹೋದೆ ಅಂತ ನನಗೇ ಹೇಳಿ ಸಾರ್," ಎಂದಳು.

"ಹೇಳಿದ್ದು ಕೇಳಿಸ್ತಲ್ಲ? ಫೋನಲ್ಲಿ ಹೇಳಿದ್ರೆ ಮಾತ್ರ ಕೇಳ್ಸೋದಾ ನಿನಗೆ?"

ಹೊಸ ಮ್ಯಾನೇಜರ್ ದಂಡಪಾಣಿಗೆ ಇನ್ನೂ ಒಂದು ಆಸೆಯಿತ್ತು. ದೊಡ್ಡ ಅಂಗಡಿಯವರು ತಮ್ಮೊಂದಿಗೇ ಮಾತಾಡಬೇಕು. ಆದ್ದರಿಂದ ಡೀಲರುಗಳ ಪುಟದಲ್ಲಿ ಮಾತ್ರ ತಮ್ಮ ನಂಬರಿರಲಿ ಎಂದರು.

ಪುಟಗಳ ಕೆಲಸ ನೋಡಿಕೊಳ್ಳುವ ಇಳವರಸು ಬಾಯಿ ತೆರೆದ. "ಸಾರ್, ಫೂಟರ್ ಅಂದ್ರೆ..."

"ನಿನ್ ಹತ್ರ ಪಾಠ ಹೇಳಿಸ್ಕೊಳ್ಳೋಕೆ ಬಂದಿಲ್ಲ. ಏಳು ಮೇಲೆ."

ಅವನು ಎದ್ದ. ದಂಡಪಾಣಿ ಡೀಲರುಗಳ ಪುಟ ತೆರೆದು, ಬುಡದಲ್ಲಿದ್ದ ನಂಬರನ್ನು ಅಳಿಸಿ, ತಮ್ಮ ಮೊಬೈಲ್ ನಂಬರು ಬರೆದು, ಪ್ರಕಟಿಸುವ ಗುಂಡಿಯನ್ನೂ ತಾವೇ ಒತ್ತಿದರು. ಎಲ್ಲ ಪುಟಗಳಿಗೂ ಫೂಟರ್ ಒಂದೇ. ಯಾವ ಪುಟದಲ್ಲಿ ನಿಂತು ತಿದ್ದಿದರೂ ಎಲ್ಲ ಕಡೆ ಬದಲಾಗುತ್ತದೆ. ಇಳವರಸು ಕೈಕಟ್ಟಿ ನೋಡುತ್ತಿದ್ದ.

ಅದು ದೀಪಾವಳಿಯ ವಾರ, ಮನೆಮನೆಯಲ್ಲೂ ಉದ್ದು ರುಬ್ಬುವ ಸಮಯ. ಮರುದಿನ ಬೆಳಗ್ಗೆ ದಂಡಪಾಣಿಯವರ ಫೋನು ಸುಮ್ಮನಾಗಲೇ ಇಲ್ಲ.

"ರೀ, ನಾನು ಮ್ಯಾನೇಜರ್!" ಎಂದು ಅವರು ಕಿರುಚಿದರು.

"ಯಾರಾದ್ರೇನಯ್ಯ, ಬಂದು ಕಲ್ಲೆತ್ತು!" ಎಂದಿತು ಆ ಕಡೆಯ ದನಿ, ನಮಗೆಲ್ಲ ಕೇಳುವಷ್ಟು ಜೋರಾಗಿ.

ದಂಡಪಾಣಿ ಇಳವರಸುವಿನ ಕಡೆ ತಿರುಗಿದರು. "ಗೊತ್ತಿದ್ದೂ ಬೇಕಂತಲೇ ಸುಮ್ನಿದ್ದೆ, ಅಲ್ವೇನೋ?"

"ಪಾಠ ಬೇಡ ಅಂದ್ರಲ್ಲ ಸಾರ್," ಎಂದ ಇಳವರಸು.

ಮತ್ತೆ ಫೋನು. ಈ ಸಲ ಯಾರೋ ಮುದುಕಿ ಅಳುತ್ತಿದ್ದಳು. ದಂಡಪಾಣಿ ಫೋನನ್ನು ಮರಗದವಲ್ಲಿಯ ಮುಂದೆ ಬಿಸಾಡಿದರು. ಅವಳು ಒಂದು ಕ್ಷಣವೂ ತಡಮಾಡಲಿಲ್ಲ.

"ಅಜ್ಜಿ, ಅಳಬೇಡಿ. ಮೊದಲು ಸ್ವಿಚ್ ಆರಿಸಿ. ಆರಿಸಿದ್ರಾ? ಈಗ ಸ್ವಲ್ಪ ಬೇಳೆ ತೆಗೀರಿ... ಅವಸರ ಇಲ್ಲ, ನಾನು ಇಲ್ಲೇ ಇದ್ದೀನಿ."

ಆ ಕಡೆ ಕಲ್ಲು ತಿರುಗುವ ಸದ್ದು ಕೇಳುವವರೆಗೂ ಫೋನು ಇಡಲಿಲ್ಲ. ದಂಡಪಾಣಿಯವರೊಂದಿಗೆ ಚೌಕಾಸಿಗೆ ಇಳಿದದ್ದು ಅಜ್ಜಿಯ ಕೆಲಸ ಮುಗಿದ ಮೇಲೆಯೇ. ಅದನ್ನು ನನ್ನ ಹೊರತು ಬೇರೆ ಯಾರೂ ಗಮನಿಸಿರಲಾರರು.

ಫೋನು ಮತ್ತೆ ಹೊಡೆದುಕೊಂಡಿತು. ಅವಳು ಅದನ್ನು ಮೇಜಿನ ಮೇಲೆ ಅವರತ್ತ ತಳ್ಳಿದಳು. "ಇದು ನಿಮ್ದು."

"ಏನ್ ಬೇಕು ನಿನಗೆ?"

"ನನ್ನ ನಂಬರ್ ವಾಪಸ್ ಬರ್ಬೇಕು. ನಾನು ಇಲ್ಲೇ ಇರ್ತೀನಿ ಅಂತ ಯಜಮಾನರಿಗೆ ಈಗ್ಲೇ, ನನ್ನೆದುರಿಗೇ ಹೇಳಿ."

"ಹಬ್ಬದ ಹೊತ್ತಲ್ಲಿ ಕತ್ತು ಹಿಡೀತಿದ್ದೀಯ."

"ಹಬ್ಬದ ಹೊತ್ತಲ್ಲೇ ನೀವು ಆಚೆ ತಳ್ಳೋಕೆ ಹೊರಟಿದ್ರಲ್ಲ ಸಾರ್?"

ಅವರು ಹಲ್ಲು ಕಚ್ಚಿಕೊಂಡು ಯಜಮಾನರಿಗೆ ಹೇಳಿದರು. ಇಳವರಸು ಕೂತು ಹಳೆಯ ನಂಬರನ್ನು ಫೂಟರಿಗೆ ಹಾಕಿದ. ಆದರೆ ಆಗಲೇ ದಂಡಪಾಣಿಯವರ ನಂಬರು ಬರೆದಿಟ್ಟುಕೊಂಡವರು ಬಿಡುತ್ತಾರೆಯೇ?

"ಈ ಫೋನನ್ನೂ ನೀನೇ ಇಟ್ಕೋ," ಎಂದರು.

"ನನ್ನ ನಂಬರ್ ಹೇಳಿ ಕಳಿಸಿ ಸಾರ್, ನಾನು ನೋಡ್ಕೋತೀನಿ."

ಆ ದಿನವೆಲ್ಲ ದಂಡಪಾಣಿ ಗೋಡೆಯ ಕಡೆ ತಿರುಗಿ, ಕರೆದವರಿಗೆಲ್ಲ ಮರಗದವಲ್ಲಿಯ ನಂಬರನ್ನು ಬಿಡಿಬಿಡಿಯಾಗಿ ಹೇಳುತ್ತಿದ್ದರು. ಅವಳನ್ನು ಮಾತ್ರ ಅವರು ಮತ್ತೆಂದೂ ಮಾತಾಡಿಸಲಿಲ್ಲ.