ಕುಂಟುಗಾಲಿನ ಗುರುತು

ಸಂಗಡಿಗರು ಹಕ್ಕಿಯಮ್ಮ ಎಂದು ಕರೆಯುತ್ತಿದ್ದ ಆಕೆಗೆ ಕೆಲಸದಲ್ಲಿ ಬಾಯಿಗೆ ಬೀಗ. ಮನೆಯಲ್ಲಿ ಆ ಬೀಗ ಎಲ್ಲಿ ಹೋಗುತ್ತಿತ್ತೋ, ಪಾಪ, ಅವಳ ಗಂಡನನ್ನೇ ಕೇಳಬೇಕು. ಅಳಿವಿನಂಚಿನ ಕ್ರೌಂಚ ಹಕ್ಕಿಯ ಮರಿಗಳನ್ನು ಸಾಕುವವರು ಮೈತುಂಬ ಬಿಳಿ ನಿಲುವಂಗಿ, ಮುಖಕ್ಕೆ ಮುಸುಕು, ಕೈಗೆ ಹಕ್ಕಿತಲೆಯ ಗೊಂಬೆ ತೊಟ್ಟು, ತುಟಿ ಪಿಟಕ್ಕೆನ್ನದೆ ಉಣಿಸಬೇಕು. ಮನುಷ್ಯರನ್ನು ನಂಬಿದ ಹಕ್ಕಿ ವಲಸೆಯ ದಾರಿಯಲ್ಲಿ ಬೇಟೆಗಾರನ ಬಳಿಗೂ ನೆಟ್ಟಗೆ ನಡೆದು ಹೋಗುತ್ತದೆ.

ಮರುದಿನ ಬೆಳಿಗ್ಗೆ ಬಿಡುಗಡೆ. ಅದಕ್ಕೆ ಮುನ್ನ ಕೊನೆಯ ಪರೀಕ್ಷೆ: ಮುಸುಕು ತೆಗೆದು ಮನುಷ್ಯರಾಗಿ ಒಳಗೆ ಹೋಗಬೇಕು, ಮಾತಿಗೂ ಅಡ್ಡಿಯಿಲ್ಲ. ಹೆದರಿ ಓಡಿದ ಮರಿಗೆ ಆಕಾಶ, ಓಡದ್ದಕ್ಕೆ ಜೀವಮಾನವಿಡೀ ಪಂಜರ.

ಬೇಲಿಯಾಚೆ ಹಕ್ಕಿಗಳ ಡಾಕ್ಟರು ನಿಂತಿದ್ದರು. ಆಕೆ ಕುಂಟುತ್ತ ಒಳಗೆ ಹೋದಳು. ಮರಿಗಳು ಎದ್ದೆನೋ ಬಿದ್ದೆನೋ ಎಂದು ಓಡಿದವು. ಮೊಂಡ ಎಂದು ಹೆಸರು ಬಿದ್ದಿದ್ದ ಒಂದು ಮರಿ ಮಾತ್ರ ಕತ್ತು ಚಾಚಿಕೊಂಡು ಅವಳತ್ತಲೇ ಬಂತು. ಹುಟ್ಟಿದಾಗಲೇ ಸೊರಗಿದ್ದ ಅದನ್ನು ಬೇರೆಯಿಟ್ಟು ಸಾಕಿದವಳು ಅವಳೊಬ್ಬಳೇ.

"ಮುಖ ನೋಡಿಲ್ಲ, ದನಿ ಕೇಳಿಲ್ಲ, ಹೇಗೆ ಗುರುತು ಹಿಡೀತು?" ಎಂದರು ಡಾಕ್ಟರು.

ಆಕೆ ತನ್ನ ಎಡಗಾಲು ನೋಡಿಕೊಂಡಳು. "ಈ ಹಾಳು ಕಾಲು, ಡಾಕ್ಟ್ರೇ. ಮೈಯೆಲ್ಲ ಮುಚ್ಚಿದ್ವಿ, ಕುಂಟೋದನ್ನ ಮುಚ್ಚಲಿಲ್ಲ. ನೀವು ಬನ್ನಿ, ನಿಮಗೆ ಹೆದರುತ್ತೆ."

ಡಾಕ್ಟರು ಒಳಗೆ ಕಾಲಿಟ್ಟದ್ದೇ ತಡ, ಮೊಂಡ ಚೀರಿ ಓಡಿತು. ಓಡಿದ್ದು ಎಲ್ಲಿಗೆ? ಅವಳ ಕುಂಟುಗಾಲಿನ ಹಿಂದಕ್ಕೆ.

"ಇದನ್ನ ಬಿಡೋಕಾಗಲ್ಲ ಅಕ್ಕಾ. ದಾರೀಲಿ ಬಂದೂಕು ಹಿಡಿದೋನು ಒಬ್ಬ ಕುಂಟಿದ್ರೆ ಸಾಕು, ಮುಗೀತು."

ಮರಿಯ ಕೊಕ್ಕು ಮೊಣಕಾಲಿಗೆ ತಾಗುತ್ತಿತ್ತು. ಆಕೆ ತಗಡಿನ ಬಕೆಟ್ಟನ್ನು ನೆಲಕ್ಕೆ ಬಡಿದಳು. ಮರಿ ಬೆಚ್ಚಿತು, ಆದರೆ ಹೋಗಲಿಲ್ಲ.

"ಹೋಗೋ! ಹೋಗು ಅಂದ್ರೆ!"

ಕೊನೆಗೆ ಹಲ್ಲು ಕಚ್ಚಿ, ಮೂಲೆಯ ಪೊರಕೆ ತಂದು ಅದರ ಬೆನ್ನಿಗೆ ಬಾರಿಸಿದಳು. ಮೊಂಡ ಅವಳನ್ನೇ ನೋಡಿತು. ಇನ್ನೊಂದು ಏಟು ಕೊಟ್ಟಳು. ಅದು ಓಡಿತು. ಆಕೆ ಬಿಡಲಿಲ್ಲ, ಕುಂಟುತ್ತ, ಬೈಯುತ್ತ, ಬೇಲಿಯುದ್ದಕ್ಕೂ ಅಟ್ಟಿಸಿಕೊಂಡು ಹೋದಳು. ಮೊಂಡ ಹಿಂಡಿನ ನಡುವೆ ನುಗ್ಗಿ ಅಡಗಿತು. ಸಂಜೆ ಮತ್ತೆ ಒಳಗೆ ಹೋದಾಗ ಎಲ್ಲಕ್ಕಿಂತ ಮೊದಲು ಓಡಿದ್ದು ಅದೇ. ಡಾಕ್ಟರು ಬಿಡಬಹುದೆಂದು ತಲೆಯಾಡಿಸಿದರು. ಆ ರಾತ್ರಿ ಮನೆಯಲ್ಲೂ ಆಕೆ ಬಾಯಿ ಬಿಡಲಿಲ್ಲ; ಗಂಡ ಗಾಬರಿಯಾದ.

ಬೆಳಿಗ್ಗೆ ಬೇಲಿ ತೆರೆದರು. ಹಿಂಡು ಬಯಲಲ್ಲಿ ಸುಮ್ಮನೆ ಅಡ್ಡಾಡುತ್ತಿತ್ತು, ಹಾರುವ ಸುಳಿವೇ ಇರಲಿಲ್ಲ. ಡಾಕ್ಟರು ಆಕೆಯ ಮುಖ ನೋಡಿದರು. ಆಕೆ ಕುಂಟುತ್ತ ಬಯಲಿಗಿಳಿದಳು.

ಮೊಂಡ ಕತ್ತೆತ್ತಿ ಆ ನಡಿಗೆ ನೋಡಿತು, ರೆಕ್ಕೆ ಬಿಚ್ಚಿತು. ಅದರ ಹಿಂದೆ ಹಿಂಡೆಲ್ಲ ಎದ್ದಿತು.

ಆಕೆಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಇನ್ನೂ ನಾಲ್ಕು ಹೆಜ್ಜೆ ಮುಂದಕ್ಕೆ ಕುಂಟಿದಳು, ಅದು ಇನ್ನಷ್ಟು ದೂರ ಹೋಗಲಿ ಎಂದು.