ಬೆಟ್ಟದ ಮೇಲೊಂದು ‘ಇಲ್ಲೇ’

ಚೆನ್ನೈನ ಕ್ರೋಂಪೇಟೆಯ ಮನೆಯಲ್ಲಿ ಮಂಚ, ಫ್ಯಾನು, ಎ.ಸಿ. ಎಲ್ಲ ಇರುವಾಗ ಬೆಟ್ಟದ ಕಾಡಿಗೆ ಹೋಗಿ ಬಟ್ಟೆಯ ಗುಡಿಸಲಲ್ಲಿ ಮಲಗುವುದು ಅದ್ಯಾವ ಸುಖ ಎಂದು ಮಗನನ್ನು ಕೇಳಿದೆ. ಶಿವರಂಜನ್ ನಕ್ಕ.

“ಮುಂದಿನ ತಿಂಗಳು ನೀ ಹೆಂಗೂ ಹುಬ್ಬಳ್ಳಿಗೆ ಹೊಂಟಿ. ಒಂದ್ಸಲ ನಮ್ಮ ಜೋಡಿ ಬಾ ಅವ್ವಾ” ಅಂದ.

ಹೌದು, ಹೊರಟಿದ್ದೆ. ನನ್ನವರು ತೀರಿಕೊಂಡ ಮೇಲೆ ಚೆನ್ನೈಗೆ ಬಂದವಳು ನಾನು. ಮಗ ಒಳ್ಳೆಯವನು, ಸೊಸೆ ಭಾವನಾ ಅವನಿಗಿಂತ ಒಳ್ಳೆಯವಳು. ಆದರೆ ಮೊಮ್ಮಗಳು ವೀಕ್ಷಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ಅಜ್ಜಿ ಅನ್ನುತ್ತಿರಲಿಲ್ಲ, ಪಕ್ಕದ ಮನೆಯ ಮಕ್ಕಳ ಹಾಗೆ ‘ಪಾಟ್ಟಿ’ ಅನ್ನುತ್ತಿದ್ದಳು. ಇದ್ದೊಬ್ಬ ಮೊಮ್ಮಗಳ ಜೊತೆ ಬಾಯಿತುಂಬ ಮಾತಾಡಲಾಗದ ಮನೆಯಲ್ಲಿ ಎಷ್ಟು ದಿನ ಗೋಡೆ ನೋಡುತ್ತ ಕೂರುವುದು? ಹುಬ್ಬಳ್ಳಿಯಲ್ಲಿ ತಂಗಿಯ ಮನೆ ಇದೆ, ಅಲ್ಲೇ ಇದ್ದುಬಿಡುತ್ತೇನೆ ಎಂದು ತೀರ್ಮಾನಿಸಿದ್ದೆ. ಟಿಕೆಟ್ ಮಾಡಿಸುವುದೊಂದು ಬಾಕಿ ಇತ್ತು.

ನಮ್ಮಿಬ್ಬರ ನಡುವೆ ದಿನಾ ನಡೆಯುತ್ತಿದ್ದ ಮಾತುಕತೆ ಒಂದೇ. ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತು “ಪಾಟ್ಟಿ, ಎಂಗೆ ಇರುಕ್ಕೀಂಗ?” ಎಂದು ಕೂಗುವಳು, ಎಲ್ಲಿದ್ದೀರಿ ಅಂತ. ನಾನು ಅಡುಗೆಮನೆಯಿಂದ “ಇಲ್ಲೇ” ಅನ್ನುವೆ. ತಮಿಳಿನಲ್ಲಿ ‘ಇಲ್ಲೇ’ ಅಂದರೆ ಇಲ್ಲ ಅಂತ. ಇಲ್ಲದಿದ್ದರೆ ಮಾತಾಡುತ್ತಿರುವುದು ಯಾರು ಎಂದು ತಮಿಳಿನಲ್ಲೇ ಕೇಳಿ ಕಿಸಕ್ಕನೆ ನಗುವಳು. ನನ್ನ ಭಾಷೆ ಇವಳಿಗೆ ನಗೆಪಾಟಲಾಯಿತಲ್ಲ ಎಂದು ನನಗೆ ಉರಿಯುತ್ತಿತ್ತು.

ಕೊನೆಗೆ ಮಗನ ಮಾತಿಗೆ ಒಪ್ಪಿದೆ. ಸೇಲಂ ದಾಟಿ, ಸುತ್ತುದಾರಿಯಲ್ಲಿ ಬೆಟ್ಟ ಹತ್ತಿದೆವು. ಸಂಜೆ ಕಾಡಿನ ಕಾಲುದಾರಿಯಲ್ಲಿ ಒಂದಷ್ಟು ದೂರ ನಡೆದೆವು. ಟೆಂಟಿನಲ್ಲಿ ನನಗೆ ಎಂದೂ ಬಾರದಷ್ಟು ಒಳ್ಳೆಯ ನಿದ್ದೆ ಬಂತು. ಹಾಗೆಂದು ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಲಿಂಗಪೂಜೆ ಆಗದೆ ನಾನು ಹನಿ ನೀರು ಕುಡಿಯುವವಳಲ್ಲ. ಟೆಂಟಿನ ಬಾಯಲ್ಲಿ ನೋಡಿದರೆ ಬೂಟುಗಳ ರಾಶಿ. ಅಲ್ಲಿ ಕೂತು ಅಂಗೈ ಮೇಲೆ ಲಿಂಗ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಹಿಂದಿನ ಸಂಜೆ ನಡೆದ ದಾರಿಯಲ್ಲಿ ಒಂದು ಝರಿ ನೋಡಿದ್ದೆ. ಎಲ್ಲರೂ ಮಲಗಿದ್ದರು. ತಂಬಿಗೆ, ವಿಭೂತಿ ಹಿಡಿದು ಒಬ್ಬಳೇ ಹೊರಟೆ.

ಪೂಜೆಯೇನೋ ಚೆಂದ ಆಯಿತು. ಕಣ್ಣು ತೆರೆದರೆ ಕಾಡೇ ಇಲ್ಲ, ಬರೀ ಮಂಜು. ದಾರಿ ಈ ಕಡೆಯೇ ಇರಬೇಕು ಎಂದು ಅಂದಾಜಿನ ಮೇಲೆ ನಡೆದೆ. ಕಾಲು ಜಾರಿತು, ಪಾದ ಹೊರಳಿತು, ಹೇಗೋ ಒಂದು ಬಂಡೆ ಕೈಗೆ ಸಿಕ್ಕಿತು. ಕೈಯಲ್ಲಿದ್ದ ತಂಬಿಗೆ ಮಾತ್ರ ಉರುಳಿಹೋಯಿತು. ಅದು ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ, ಎಲ್ಲೋ ಆಳದಿಂದ ಕೇಳಿಸಿತು. ಪಕ್ಕದಲ್ಲೇ ಪ್ರಪಾತವಿದೆ ಎಂದು ತಿಳಿದದ್ದು ಆಗ. ಬಂಡೆಯನ್ನು ತಬ್ಬಿಕೊಂಡು ಕೂತೆ. ಒಂದು ಗೇಣು ಸರಿಯುವ ಧೈರ್ಯವೂ ಇರಲಿಲ್ಲ.

ಬಹಳ ಹೊತ್ತಾದ ಮೇಲೆ ದೂರದಿಂದ “ಅವ್ವಾ” ಎಂದು ಶಿವನ ದನಿ ಬಂತು. ಬೇರೆ ಟೆಂಟುಗಳ ಜನವೂ ಗುಂಪು ಗುಂಪಾಗಿ ಹುಡುಕಲು ಬಂದಿದ್ದರು ಎಂದು ಕಾಣುತ್ತದೆ, ನಾಲ್ಕೂ ಕಡೆ ಕೂಗು. ನನ್ನ ಗಂಟಲು ಒಣಗಿಹೋಗಿತ್ತು. ‘ಇಲ್ಲೇ ಅದೀನೋ ಶಿವಾ’ ಅನ್ನಲು ಹೋದರೆ ಮೊದಲ ಮಾತಷ್ಟೇ ಹೊರಗೆ ಬಂತು. ಅಷ್ಟರಲ್ಲಿ ಹತ್ತಿರದಲ್ಲೇ ಒಬ್ಬ ಗಂಡಸು, “ಪಾಟ್ಟಿ ಕೆಡಚ್ಚಾಂಗಳಾ?” ಎಂದ. ಅಜ್ಜಿ ಸಿಕ್ಕರಾ ಅಂತ.

ಇದ್ದ ಶಕ್ತಿಯೆಲ್ಲ ಹಾಕಿ ಕೂಗಿದೆ. “ಇಲ್ಲೇ.”

“ಸರಿ, ಅಂದ ಪಕ್ಕಂ ಪಾಕ್ಕಲಾಂ” ಎಂದ, ಆ ಕಡೆ ನೋಡೋಣ ಅಂತ. ಆ ಪುಣ್ಯಾತ್ಮ ಜನರನ್ನೆಲ್ಲ ಬೇರೆ ಕಡೆಗೆ ಕರೆದುಕೊಂಡು ಹೋದ.

ಹೆಜ್ಜೆಯ ಸದ್ದು ಅಡಗಿದ ಮೇಲೆ ನನ್ನ ತಲೆಗೆ ಹೊಳೆಯಿತು. ಇನ್ನೊಂದು ಗುಂಪಿನ ಹೆಂಗಸು ಯಾರೋ ‘ಸಿಗಲಿಲ್ಲ’ ಅನ್ನುತ್ತಿದ್ದಾಳೆ ಎಂದುಕೊಂಡಿದ್ದ ಅವನು. ನನ್ನ ಬಾಯಿಂದಲೇ ನಾನು ಇಲ್ಲ ಅನ್ನಿಸಿಕೊಂಡಿದ್ದೆ. ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಮತ್ತೆ ಕೂಗಲು ನೋಡಿದೆ, ದನಿಯೇ ಹೊರಡಲಿಲ್ಲ. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಶಿವನೇ, ಹುಬ್ಬಳ್ಳಿಯೂ ಬೇಡ, ಯಾವುದೂ ಬೇಡ, ಮಗ, ಸೊಸೆ, ಮೊಮ್ಮಗಳ ಮುಖ ಇನ್ನೊಮ್ಮೆ ತೋರಿಸು ಎಂದು ಬೇಡಿಕೊಂಡೆ.

ಆಗ ಮೇಲಿನ ದಾರಿಯಲ್ಲಿ ಅಪ್ಪ ಮಗಳ ಜಗಳ ಕೇಳಿಸಿತು.

“ಅಪ್ಪಾ, ಅದು ತಮಿಳ್ ಇಲ್ಲೇ ಇಲ್ಲೇಪ್ಪಾ. ಅದು ಪಾಟ್ಟಿಯೋಡ ಇಲ್ಲೇ.” ಅದು ತಮಿಳಿನ ‘ಇಲ್ಲೇ’ ಅಲ್ಲ, ಅಜ್ಜಿಯ ‘ಇಲ್ಲೇ’ ಅನ್ನುತ್ತಿದ್ದಳು ವೀಕ್ಷಾ.

“ಅಲ್ಲಿ ಅವರು ನೋಡ್ಯಾರ, ಬಾ” ಅಂದ ಶಿವ. ಅವನ ದನಿ ಒಡೆದಿತ್ತು.

ಹುಡುಗಿ ಕೇಳಲಿಲ್ಲ. ದಿನಾ ಬಾಗಿಲಲ್ಲಿ ನಿಂತು ನಗುತ್ತಿದ್ದವಳಿಗೆ ಆ ‘ಇಲ್ಲೇ’ ಯಾರದು ಎಂದು ಗುರುತು ಹತ್ತಿತ್ತು. ಮಂಜಿನೊಳಗಿಂದ ಅವಳ ಕೂಗು ಬಂತು.

“ಅಜ್ಜೀ, ಎಲ್ಲಿ ಅದೀ?”

ತಮಿಳಲ್ಲ. ಅಪ್ಪಟ ನಮ್ಮ ಹುಬ್ಬಳ್ಳಿಯ ಮಾತು. ಎಲ್ಲಿತ್ತೋ ದನಿ, ಹೊರಗೆ ಬಂತು.

“ಇಲ್ಲೇ.”

“ಅಲ್ಲೇ ಕುಂದ್ರು. ಏಳಬ್ಯಾಡ” ಅಂದಳು ವೀಕ್ಷಾ. ಊಟದ ನಡುವೆ ಎದ್ದು ಓಡುವಾಗ ನಾನು ಅವಳನ್ನು ಗದರುವ ಮಾತು ಅದು, ನನ್ನದೇ ರಾಗದಲ್ಲಿ. ಕಿವಿಗೆ ಹಾಕಿಕೊಳ್ಳುವುದೇ ಇಲ್ಲ ಎಂದುಕೊಂಡಿದ್ದೆನಲ್ಲ, ಒಂದೊಂದು ಮಾತನ್ನೂ ಎತ್ತಿಟ್ಟುಕೊಂಡಿದ್ದಳು. ನಾನು ಅಲ್ಲೇ ಕೂತೆ, ಅತ್ತುಕೊಂಡು, ನಕ್ಕುಕೊಂಡು.

ಶಿವ ಮತ್ತು ಟೆಂಟುಗಳ ಕಾವಲುಗಾರನೊಬ್ಬ ಹಗ್ಗ ಹಿಡಿದು ಇಳಿದು ನನ್ನನ್ನು ಎತ್ತಿಕೊಂಡು ಬಂದರು. ಭಾವನಾ ನನ್ನ ಕಾಲಿಗೆ ಪಟ್ಟಿ ಸುತ್ತಿದಳು. ಆ ಪುಣ್ಯಾತ್ಮನೂ ನಮ್ಮ ಚೆನ್ನೈನ ಅಡ್ಯಾರಿನವನಂತೆ, ಕ್ಷಮಿಸಿ ಪಾಟ್ಟಿ, ಕ್ಷಮಿಸಿ ಎಂದು ತಮಿಳಿನಲ್ಲಿ ಹೇಳುತ್ತಲೇ ತಾನೇ ಚಹಾ ಕಾಯಿಸಿ ತಂದುಕೊಟ್ಟ. ಗುರುತಿಲ್ಲದ ನನಗಾಗಿ ನಿದ್ದೆ ಬಿಟ್ಟು ಮಂಜಿನಲ್ಲಿ ಅಲೆದ ಆ ಜನಕ್ಕೆಲ್ಲ ಕೈ ಮುಗಿದೆ. ಅಷ್ಟು ರುಚಿಯಾದ ಚಹಾ ನಾನು ಕುಡಿದೇ ಇರಲಿಲ್ಲ.

ಬೆಟ್ಟ ಇಳಿಯುವಾಗ ವೀಕ್ಷಾ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ಶಿವ ರಸ್ತೆ ನೋಡುತ್ತಲೇ ಮೆಲ್ಲಗೆ ಕೇಳಿದ, “ಅವ್ವಾ, ಕಾಲು ಆರಾಮಾದ ಮ್ಯಾಲೆ ಹುಬ್ಬಳ್ಳಿಗೆ ಹೋಗಾಕಿನಾ?”

“ಇಲ್ಲೇ” ಅಂದೆ.

ಮಲಗಿದ್ದಾಳೆ ಎಂದುಕೊಂಡಿದ್ದವಳು ಕಣ್ಣು ತೆರೆದಳು. “ಯಾವ ಇಲ್ಲೇ, ಅಜ್ಜಿ? ತಮಿಳಾ, ಕನ್ನಡಾ?”

“ಎರಡೂ” ಅಂದೆ.