ಮನೋಲನಿಗೆ ಕಾಳು ಮತ್ತೆ ಒಗ್ಗಿದ ಬಗೆ

ಕಾಳು ತಿಂದರೆ ಹೊಟ್ಟೆ ಉಬ್ಬುತ್ತದೆ ಎಂಬ ದೂರು ಯಾವ ಮನೆಯಲ್ಲಿಲ್ಲ ಹೇಳಿ? ಆದರೆ ಹುಟ್ಟಿದಾಗಿನಿಂದ ಕಾಳು ತಿಂದೇ ಬೆಳೆದವನಿಗೆ, ಕಾಳು ಬೆಳೆದೇ ಬದುಕುವವನಿಗೆ, ಇದ್ದಕ್ಕಿದ್ದಂತೆ ಅದೇ ಕಾಳು ಆಗದೆ ಹೋದರೆ ಏನು ಮಾಡಬೇಕು? ದೂರದ ಚಳಿನಾಡಿನ ಆರ್ದಾ ನದಿಯ ಮೇಲ್ದಂಡೆಯ ಹಳ್ಳಿಯಲ್ಲಿ ಮನೋಲನಿಗೆ ಆದದ್ದು ಇದೇ.

ಮನೋಲನಿಗೆ ಹೊಳೆಯ ಪಕ್ಕ ಬೀನ್ಸ್ ಬೆಳೆಯುವ ಒಂದು ತುಂಡು ಹೊಲ, ಗುಡ್ಡದ ಮೇಲೆ ಒಂದಿಷ್ಟು ಕುರಿ. ಆ ಚಳಿಗಾಲದಲ್ಲಿ ಅವನ ಎದೆಯಲ್ಲಿ ಕಫ ಕಟ್ಟಿ, ಜ್ವರ ತಲೆಗೇರಿ, ಪಟ್ಟಣದ ಆಸ್ಪತ್ರೆ ಸೇರಿದ್ದ. ಡಾಕ್ಟರು ಬಲವಾದ ಆಂಟಿಬಯೋಟಿಕ್ ಕೊಟ್ಟರು. ಜೀವ ಉಳಿಯಿತು. ಮನೆಗೆ ಬಂದ ಮೇಲೆ ಹೆಂಡತಿ ವೆಲಿಕಾ ಅವನನ್ನು ಎಳೆಮಗುವಿನ ಹಾಗೆ ನೋಡಿಕೊಂಡಳು. ಅಕ್ಕಿ ಗಂಜಿ, ಬಿಳಿ ಬ್ರೆಡ್, ಮೊಟ್ಟೆ, ನುಣ್ಣಗೆ ಕಿವುಚಿದ ಆಲೂಗಡ್ಡೆ. ಹಿಮ ಕರಗುವವರೆಗೂ ಅದೇ ಊಟ.

ಒಂದು ಭಾನುವಾರ ಮನೋಲ ಹೇಳಿದ: "ಇವತ್ತು ಕಾಳು ಬೇಯಿಸು ಮಾರಾಯ್ತಿ. ಗಂಜಿ ಕುಡಿದು ಕುಡಿದು ನಾನೇ ಗಂಜಿ ಆಗ್ಬಿಟ್ಟಿದೀನಿ."

ವೆಲಿಕಾ ಮಣ್ಣಿನ ಗಡಿಗೆಯಲ್ಲಿ ದಪ್ಪ ಬೀನ್ಸ್ ಕಾಳು ಬೇಯಿಸಿ, ಒಣ ಕೆಂಪು ಮೆಣಸಿನಕಾಯಿ, ಪುದೀನ ಹಾಕಿದಳು. ಘಮ ಬೀದಿಯವರೆಗೆ ಹೋಯಿತು. ಮನೋಲ ಬಟ್ಟಲು ತುಂಬ ತಿಂದ. ಮತ್ತೆ ಹಾಕಿಸಿಕೊಂಡು ತಿಂದ.

ಸಂಜೆ ಹೊತ್ತಿಗೆ ಹೊಟ್ಟೆ ತಮಟೆಯಾಯಿತು. ಒಳಗೆ ಗುಡುಗಿದ ಹಾಗೆ ಸದ್ದು. ಬಗ್ಗಿದರೂ ನೋವು, ಎದ್ದರೂ ನೋವು. ಎದುರಿಗೆ ಕುಳಿತ ವೆಲಿಕಾ ಅದೇ ಗಡಿಗೆಯದನ್ನೇ ತಿಂದಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಮನೋಲನಿಗೆ ತಲೆಬುಡ ತಿಳಿಯಲಿಲ್ಲ.

ಮುಂದಿನ ವಾರ ಸ್ವಲ್ಪ ಕಡಿಮೆ ತಿಂದು ನೋಡಿದ. ಮತ್ತೆ ಅದೇ ಪಾಡು. ಗಡಿಗೆ ಬದಲಾಯಿಸಲು ಹೇಳಿದ. ನೀರಿನ ಮೇಲೆ ಅನುಮಾನಪಟ್ಟು ಗುಡ್ಡದ ಮೇಲಿನ ಒರತೆಯಿಂದ ನೀರು ತಂದ. ಪುದೀನ ಬಿಟ್ಟು ತಿಂದ. ಒಂದೂ ಪ್ರಯೋಜನಕ್ಕೆ ಬರಲಿಲ್ಲ.

ಪಕ್ಕದ ಮನೆಯ ಸ್ತಾಮೆನ್ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟ: "ಬೀಜ ಕೆಟ್ಟಿದೆ ಕಣಯ್ಯಾ. ಹಳೇ ಬೀಜ. ಅದಕ್ಕೂ ವಯಸ್ಸಾಗಲ್ವಾ?"

"ವೆಲಿಕಾ ತಿಂದ್ರೆ ಏನೂ ಆಗಲ್ವಲ್ಲೋ?"

"ನಿನ್ನ ಕಟ್ಕೊಂಡು ಇಷ್ಟು ವರ್ಷ ಅರಗಿಸ್ಕೊಂಡಿದಾಳೆ, ಕಾಳು ಯಾವ ಲೆಕ್ಕ! ನೀನು ಒಂದು ಲೋಟ ರಕಿಯಾ ಸಾರಾಯಿ ಕುಡಿ, ಸುಟ್ಟು ಹೋಗುತ್ತೆ."

ಮನೋಲ ಕುಡಿದ. ಹೊಟ್ಟೆಯ ಜೊತೆ ಎದೆಯೂ ಉರಿಯಿತು.

ಅವನು ಯಾರಿಗೂ ಹೇಳದ ಭಯವೊಂದಿತ್ತು. ತನ್ನ ಅಣ್ಣನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ತನಗೂ ಅದೇ ಇರಬಹುದೇ? ಹಾಗಿದ್ದರೆ ಬ್ರೆಡ್ ತಿಂದಾಗ ಯಾಕೆ ಸುಮ್ಮನಿರುತ್ತದೆ? ಬೀಜದ ತಪ್ಪೋ, ತನ್ನ ತಪ್ಪೋ? ಯೋಚಿಸಿದಷ್ಟೂ ಗೋಜಲು. ಕೊನೆಗೆ, ಬೈಯಲು ಸುಲಭವಾದದ್ದು ಬೀಜವೇ ಎನ್ನಿಸಿತು.

ಬಿತ್ತನೆಯ ಕಾಲ ಬಂತು. ಒಂದು ಬೆಳಿಗ್ಗೆ ಅವನು ಅಟ್ಟದಿಂದ ಬೀಜದ ಚೀಲ ಇಳಿಸಿ ಹೆಗಲಿಗೆ ಹಾಕಿಕೊಂಡ.

"ಎಲ್ಲಿಗೆ?" ಎಂದಳು ವೆಲಿಕಾ.

"ಹೊಳೆಗೆ ಸುರಿದು ಬರ್ತೀನಿ. ಈ ವರ್ಷ ಆಲೂಗಡ್ಡೆ ಹಾಕೋಣ."

ವೆಲಿಕಾ ಓಡಿ ಬಂದು ಚೀಲದ ಬಾಯಿ ಹಿಡಿದಳು. "ಅದು ನಮ್ಮಮ್ಮ ಕೊಟ್ಟ ಬೀಜ! ಅವರಮ್ಮ ಅವರಿಗೆ ಕೊಟ್ಟಿದ್ದು. ಇದು ಹೋದ್ರೆ ಇನ್ನೆಲ್ಲೂ ಸಿಗಲ್ಲ. ನಿಮ್ಮ ಹೊಟ್ಟೆ ಸರಿಯಿಲ್ಲ ಅಂತ ನನ್ನ ತವರಿನ ಬೀಜಕ್ಕೆ ಶಾಪ ಹಾಕ್ತೀರಾ?"

"ನಂದು ಹೊಟ್ಟೆ, ನಿಂದು ಕಬ್ಬಿಣದ ಪೆಟ್ಟಿಗೆ! ನಿಂಗೇನು ಗೊತ್ತು ನೋವು?"

ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಎಳೆಯುತ್ತಿದ್ದಾಗ ಹಳ್ಳಿಯ ನರ್ಸ್ ಸಿರ್ಮಾ ಗೇಟು ತೆರೆದಳು. ಮನೋಲನ ಬಿ.ಪಿ. ನೋಡಲು ಬಂದಿದ್ದಳು.

"ನಿಮ್ಮಿಬ್ಬರ ಬಿ.ಪಿ. ಇಲ್ಲಿಂದಲೇ ಕಾಣಿಸ್ತಿದೆ. ಮಾವ, ಮೊದಲು ಚೀಲ ಕೆಳಗಿಡಿ," ಎಂದಳು.

ವಿಷಯ ಕೇಳಿದ ಮೇಲೆ ಸಿರ್ಮಾ ನಗಲಿಲ್ಲ. "ತೂಕ ಇಳಿದಿದೆಯಾ? ಜ್ವರ ಬರುತ್ತಾ? ಮಲದಲ್ಲಿ ರಕ್ತ ಹೋಗುತ್ತಾ?"

"ಥೂ, ಹೆಣ್ಮಗಳು ಕೇಳೋ ಮಾತಾ ಇದು!"

"ನರ್ಸು ಕೇಳೋ ಮಾತು. ಹೇಳಿ."

ಇಲ್ಲ ಎಂದ ಮನೋಲ. ಅಣ್ಣನ ಹಾಗೆ ತನಗೂ ಗಡ್ಡೆ ಇರಬಹುದೆಂಬ ಭಯವನ್ನೂ ಬಾಯಿಬಿಟ್ಟ. ವೆಲಿಕಾ ಚೀಲ ಬಿಟ್ಟು ಅವನ ತೋಳು ಹಿಡಿದಳು. "ಇದನ್ನ ನಂಗೂ ಹೇಳಿರಲಿಲ್ಲ," ಎಂದಳು ಮೆಲ್ಲಗೆ.

"ಹಾಗಾದ್ರೆ ಮೊದಲು ಡಾಕ್ಟರ್ ನೋಡಲಿ. ಊಹೆ ಬೇಡ. ಅಲ್ಲೀವರೆಗೆ ಬೀಜ ಅಟ್ಟದ ಮೇಲಿರಲಿ," ಎಂದಳು ಸಿರ್ಮಾ.

ಪಟ್ಟಣದಲ್ಲಿ ರಕ್ತ ಪರೀಕ್ಷೆ ಆಯಿತು, ಹೊಟ್ಟೆಯ ಸ್ಕ್ಯಾನ್ ಆಯಿತು. ಗಡ್ಡೆಯೂ ಇಲ್ಲ, ಹುಣ್ಣೂ ಇಲ್ಲ ಎಂದರು ಡಾಕ್ಟರ್. ವೆಲಿಕಾ ಶಿಲುಬೆಯ ಗುರುತು ಹಾಕಿಕೊಂಡು ಉಸಿರು ಬಿಟ್ಟಳು. ಮನೋಲನ ಗೊಂದಲ ಮಾತ್ರ ಇನ್ನೂ ಹೆಚ್ಚಿತು. ಊರಿಗೆ ಮರಳಿದ ಮೇಲೆ ಅಡುಗೆಮನೆಯಲ್ಲಿ ಸಿರ್ಮಾಳನ್ನು ಕೂರಿಸಿಕೊಂಡು ಕೇಳಿದ: "ಏನೂ ಇಲ್ಲ ಅಂದ್ರೆ, ಇರೋದೇನು?"

ಸಿರ್ಮಾ ಹೇಳಿದಳು: "ಬ್ರೆಡ್ಡು, ಅನ್ನ ತಿಂದ್ರೆ ಅದನ್ನ ಕರಗಿಸೋ ಕಿಣ್ವ ನಮ್ಮ ಮೈಯಲ್ಲೇ ತಯಾರಾಗುತ್ತೆ. ಕಾಳು, ಸೊಪ್ಪು, ನಾರಿನ ಕಥೆ ಬೇರೆ. ಅವುಗಳಲ್ಲಿರೋ ಕೆಲವು ಸಕ್ಕರೆಗಳು ಸರಪಳಿ ಥರ ಒಂದಕ್ಕೊಂದು ಬಿಗಿದುಕೊಂಡಿರ್ತವೆ. ಆ ಕೊಂಡಿ ಬಿಚ್ಚೋ ಕಿಣ್ವ ನಮ್ಮ ಹತ್ರ ಇಲ್ಲ."

"ಇಲ್ವಾ? ಹಾಗಾದ್ರೆ ಇಷ್ಟು ವರ್ಷ ನಾನು ಹ್ಯಾಗೆ ಅರಗಿಸ್ಕೊಂಡೆ?"

"ನಿಮ್ಮ ದೊಡ್ಡ ಕರುಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಲೆಕ್ಕವಿಲ್ಲದಷ್ಟು ಇವೆ. ಬ್ಯಾಕ್ಟೀರಿಯಾ. ಆ ಕಿಣ್ವ ಮಾಡೋದು ಅವು."

ಮನೋಲ ಹೊಟ್ಟೆ ಹಿಡಿದುಕೊಂಡ. "ಹುಳಾನಾ? ಹುಳದ ಮಾತ್ರೆ ಕೊಡಮ್ಮ, ಸಾಯಲಿ!"

"ಅಯ್ಯೋ, ಹುಳ ಅಲ್ಲ ಮಾವ! ಅವು ಸತ್ತಿದ್ದಕ್ಕೇ ಈ ಪಾಡು. ಎದೆಯ ರೋಗ ಕೊಲ್ಲೋಕೆ ಕೊಟ್ಟ ಆಂಟಿಬಯೋಟಿಕ್ ಹೊಟ್ಟೆಯೊಳಗಿನ ಒಳ್ಳೇವನ್ನೂ ಕೊಂದಿರುತ್ತೆ."

"ಅಂದ್ರೆ ಆ ಡಾಕ್ಟರು ನನ್ನ ಕೆಡಿಸಿದ್ರಾ?"

"ಆ ಔಷಧಿ ಇಲ್ದಿದ್ರೆ ನೀವು ಇವತ್ತು ಪ್ರಶ್ನೆ ಕೇಳೋಕೆ ಇರ್ತಿರಲಿಲ್ಲ. ಅದು ಬೇಕಿತ್ತು, ಪೂರ್ತಿ ತಗೊಂಡಿದ್ದೂ ಒಳ್ಳೇದಾಯ್ತು. ಆಮೇಲೆ ತಿಂಗಳುಗಟ್ಟಲೆ ಬರೀ ಗಂಜಿ, ಬ್ರೆಡ್ಡು. ಉಳಿದಿದ್ದವಕ್ಕೂ ನಾರು ಸಿಗಲಿಲ್ಲ. ಆ ಜೀವಿಗಳಲ್ಲಿ ಎಷ್ಟೋ ಬಗೆ ಇರುತ್ತೆ. ಕೆಲವು ಕೊಂಡಿ ಬಿಚ್ತವೆ, ಆಗ ಗಾಳಿ ಹುಟ್ಟುತ್ತೆ. ಇನ್ನು ಕೆಲವು ಆ ಗಾಳಿಯನ್ನೇ ಬಳಸಿಕೊಳ್ತವೆ. ಅವುಗಳ ಸಂಸಾರ ಏರುಪೇರಾದಾಗ ನೀವು ಬಟ್ಟಲುಗಟ್ಟಲೆ ಕಾಳು ಸುರಿದ್ರಿ. ಉಬ್ಬದೆ ಇನ್ನೇನಾಗುತ್ತೆ?"

ಮನೋಲ ಹೆಂಡತಿಯ ಮುಖ ನೋಡಿದ. "ನಿಂಗೆ ಅರ್ಥ ಆಯ್ತಾ?"

"ಅರ್ಧ," ಎಂದಳು ವೆಲಿಕಾ.

"ನಂಗೆ ಅದೂ ಇಲ್ಲ. ಕಾಣದ ಜೀವಿ, ಕಾಣದ ಕಿಣ್ವ, ಕಾಣೋದು ಹೊಟ್ಟೆ ಒಂದೇ."

ಸಿರ್ಮಾ ಸ್ವಲ್ಪ ಯೋಚಿಸಿ ಕೇಳಿದಳು: "ಮಾವ, ಚಳಿಗಾಲ ಪೂರ್ತಿ ಕೊಟ್ಟಿಗೆಯಲ್ಲಿ ಒಣಹುಲ್ಲು ತಿಂದ ಕುರಿಗಳನ್ನ ವಸಂತದಲ್ಲಿ ಎಳೇ ಹುಲ್ಲಿಗೆ ಹ್ಯಾಗೆ ಬಿಡ್ತೀರಿ?"

"ಇದೇನು ಪ್ರಶ್ನೆ? ಮೊದಲ ದಿನ ಸ್ವಲ್ಪ ಹೊತ್ತು. ಆಮೇಲೆ ದಿನಾ ಇಷ್ಟಿಷ್ಟು ಹೆಚ್ಚು."

"ಒಂದೇ ಸಲ ಬಿಟ್ರೆ?"

"ಹೊಟ್ಟೆ ಉಬ್ಬಿ ಸಾಯ್ತವೆ! ಅವುಗಳ ಹೊಟ್ಟೆ ಹೊಸ ಮೇವಿಗೆ ಹೊಂದ್ಕೋಬೇಕಲ್ಲ..." ಎಂದವನು ಅಲ್ಲಿಗೇ ನಿಂತ. ಕೈ ಹೊಟ್ಟೆಯ ಮೇಲಿತ್ತು.

"ಕುರಿ ಹೊಟ್ಟೆಯಲ್ಲೂ ಹುಲ್ಲು ಒಡೆಯೋದು ಬ್ಯಾಕ್ಟೀರಿಯಾದಂಥ ಸಣ್ಣ ಜೀವಿಗಳೇ," ಎಂದಳು ಸಿರ್ಮಾ.

"ಕುರಿಗೆ ತೋರಿಸೋ ಬುದ್ಧೀನ ತಮಗೆ ತೋರಿಸ್ಕೊಂಡಿಲ್ಲ ನೋಡು!" ವೆಲಿಕಾ ನಕ್ಕಳು. ಮನೋಲನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಸಿರ್ಮಾ ಹೇಳಿಕೊಟ್ಟಂತೆ ವೆಲಿಕಾ ಕಾಳನ್ನು ಹಿಂದಿನ ದಿನವೇ ನೆನೆಸಿದಳು. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿದಳು. ಮನೋಲನಿಗೆ ಸಿಕ್ಕಿದ್ದು ಬರೀ ಒಂದೆರಡು ಚಮಚ.

"ಇದು ಗುಬ್ಬಚ್ಚಿಗೆ ಹಾಕಿದ್ದಾ?" ಎಂದು ಗೊಣಗುತ್ತ ತಿಂದ. ಹೊಟ್ಟೆ ಸ್ವಲ್ಪ ಗುರ್ ಅಂದಿತು, ಅಷ್ಟೆ. ಕೆಲವು ದಿನ ಅಷ್ಟರಲ್ಲೇ ಇದ್ದು, ಆಮೇಲೆ ಇನ್ನೊಂದು ಚಮಚ. ನಡುವೆ ಒಮ್ಮೆ ಆಸೆ ತಡೆಯದೆ ಬಟ್ಟಲು ತುಂಬಿಸಿಕೊಂಡು, ದಿನವಿಡೀ ಅಂಗಳದಲ್ಲಿ ಹೊಟ್ಟೆ ನೀವಿಕೊಂಡು ಓಡಾಡಿದ. ಅಂದು ಮತ್ತೆ ಬೀಜದ ಮೇಲೆ ಅನುಮಾನ ಬಂತು. ಆದರೂ ಹೊಲಕ್ಕೆ ಹೋಗಿ ವೆಲಿಕಾಳ ಜೊತೆ ಅದೇ ಬೀಜ ಬಿತ್ತಿದ. ನಂಬಿಕೆಯಿಂದಲೋ, ಅವಳ ಮುಖ ನೋಡಲಾರದೆಯೋ, ಅವನಿಗೇ ತಿಳಿಯದು.

ಬಳ್ಳಿ ಕೋಲಿಗೆ ಹಬ್ಬಿ ಹೂ ಬಿಡುವ ಹೊತ್ತಿಗೆ ಮನೋಲ ಪೂರ್ತಿ ಒಂದು ಬಟ್ಟಲು ತಿಂದು, ಮಧ್ಯಾಹ್ನ ಕಳೆ ಕೀಳಲು ಹೋದ. ಸಂಜೆಯವರೆಗೂ ಹೊಟ್ಟೆಯ ನೆನಪೇ ಆಗಲಿಲ್ಲ.

ಬೇಲಿಯಾಚೆಯಿಂದ ಸ್ತಾಮೆನ್ ಕೇಳಿದ: "ಕೊನೆಗೂ ಏನಾಗಿತ್ತಯ್ಯಾ ನಿಂಗೆ?"

ಮನೋಲ ತಲೆ ಕೆರೆದುಕೊಂಡ. "ಪೂರ್ತಿ ನಂಗೂ ಗೊತ್ತಿಲ್ಲ. ತಿನ್ನೋನು ನಾನು, ಅರಗಿಸೋ ಕೆಲಸದಲ್ಲಿ ಅರ್ಧ ಅವುಗಳದು. ಅವು ಯಾರು ಅಂತ ಸಿರ್ಮಾಳನ್ನೇ ಕೇಳು. ನಾನು ಊಟ ಮಾತ್ರ ನಿಧಾನಕ್ಕೆ ಹೆಚ್ಚಿಸ್ಕೊಂಡೆ."

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮಲ್ಲೂ ಗೊಂದಲ ಇರಬಹುದು. ಇರಲಿ. ಹೊಟ್ಟೆ ಉಬ್ಬಿತೆಂದು ಕಾಳು, ಸೊಪ್ಪು, ತರಕಾರಿಯನ್ನು ಪೂರ್ತಿ ಬಿಟ್ಟುಬಿಡಬೇಡಿ. ನೀವು ತಿನ್ನುವ ನಾರು ನಿಮ್ಮ ಕರುಳಿನ ಒಳ್ಳೆಯ ಜೀವಿಗಳಿಗೆ ಊಟ. ಅವು ಅದನ್ನು ಒಡೆದು ನಿಮ್ಮ ಕರುಳಿಗೇ ಬಲ ಕೊಡುತ್ತವೆ. ಕಾಯಿಲೆ ಬಿದ್ದು ಎದ್ದಿದ್ದರೆ ಚಮಚದಿಂದ ಶುರು ಮಾಡಿ, ಚೆನ್ನಾಗಿ ನೆನೆಸಿ ಬೇಯಿಸಿ, ಸಾಕಷ್ಟು ನೀರು ಕುಡಿಯಿರಿ. ಆಂಟಿಬಯೋಟಿಕ್ಕನ್ನು ಡಾಕ್ಟರ್ ಹೇಳದೆ ತೆಗೆದುಕೊಳ್ಳಬೇಡಿ, ಹೇಳಿದರೆ ನಡುವೆ ನಿಲ್ಲಿಸಬೇಡಿ. ತೂಕ ಇಳಿಯುತ್ತಿದ್ದರೆ, ರಕ್ತ ಹೋಗುತ್ತಿದ್ದರೆ, ನೋವು ಬಿಡದಿದ್ದರೆ, ನಾಚಿಕೆಪಟ್ಟು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ, ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.